ಕುರ್ಚಿಯ ಹೊಟ್ಟೆಯೊಳಗೆ

ಬೆತ್ತದ ಕುರ್ಚಿಗೆ ಇಬ್ಬರು ಶತ್ರುಗಳು. ಬಲ್ಬು ಬದಲಿಸಲೆಂದು ಅದರ ಮೇಲೆ ಹತ್ತಿ ನಿಲ್ಲುವವನು ಒಬ್ಬ, ತಿಗಣೆ ಇನ್ನೊಬ್ಬ. ಕುರ್ಚಿಗಳನ್ನೆಲ್ಲ ಅಂಗಳಕ್ಕೆ ಎಳೆದು, ಬೆತ್ತದ ತೂತುತೂತಿಗೂ ಕುದಿನೀರು ಹೊಯ್ದು ಬಿಸಿಲಿಗಿಡುವುದು ಬಸವನಗುಡಿಯ ಹಳೆಯ ಮನೆಗಳಲ್ಲಿ ಎಣ್ಣೆಸ್ನಾನದಷ್ಟೇ ನೇಮದ ಕೆಲಸವಾಗಿತ್ತು. ತಿಗಣೆ ಸಾಯುತ್ತಿದ್ದವೋ ಇಲ್ಲವೋ, ಬೆತ್ತಕ್ಕಂತೂ ಒಳ್ಳೆಯದಾಗುತ್ತಿತ್ತು. ನೀರು ಕುಡಿದು ಒಣಗಿದ ಬೆತ್ತ ಬಿಗಿಯುತ್ತದೆ. ಜೋತುಬಿದ್ದ ಕುರ್ಚಿಯನ್ನು ಮಗುಚಿಟ್ಟು, ಅಡಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಾಸಿ ಒಣಗಲು ಬಿಡುವುದು ಇಂದಿಗೂ ಈ ಕೆಲಸ ಬಲ್ಲವರ ಮೊದಲ ಮದ್ದು. ಎಳೆ ಹರಿದಿದ್ದರೆ ಮಾತ್ರ ಮುಂದಿನ ಮಾತು.

ಇಂಥ ಪೀಠೋಪಕರಣಗಳಿಗೂ ಬೆಂಗಳೂರಿನ ಈ ಹಳೆಯ ಬಡಾವಣೆಗಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1892ರಲ್ಲಿ ಚಾಮರಾಜಪೇಟೆ ಹುಟ್ಟಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಓಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಪೇಟೆಯ ಮನೆಗೆ ಚಾಪೆ, ಮಣೆ, ಜಮಖಾನ ಸಾಕಾಗಿತ್ತು. ಹೊಸ ಮನೆಗೆ ವೆರಾಂಡ ಬಂತು, ವೆರಾಂಡಕ್ಕೆ ಆರಾಮಕುರ್ಚಿ ಬಂತು, ಆರಾಮಕುರ್ಚಿಗೆ ಪಿಂಚಣಿದಾರರು ಬಂದರು. ಕೆಲವು ದಂಡಿನ ಹರಾಜಿನಲ್ಲಿ ಕೊಂಡವು. ಉಳಿದವನ್ನು ಇಲ್ಲಿನ ಬಡಗಿಗಳೇ ವಿಲಾಯಿತಿ ಮಾದರಿ ನೋಡಿ ತೇಗದಲ್ಲೋ ಬೀಟೆಯಲ್ಲೋ ಮಾಡಿಕೊಟ್ಟರು.

ಈಗ ಆ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಮೂರು ಜನ ಕೂರುವ ಬೀಟೆಯ ಸೋಫಾ ಲಿಫ್ಟಿಗೆ ಹಿಡಿಸುವುದಿಲ್ಲ. ಅದು ಗುಜರಿಗೆ ಹೋಗುತ್ತದೆ. ಹಳೆಯ ಕುರ್ಚಿಗಳ ಹುಚ್ಚು ಹಿಡಿದವರು ಅದರ ಹಿಂದೆಯೇ ಹೋಗುತ್ತಾರೆ. ಇವರು ಕುರ್ಚಿಯನ್ನು ಮುಂದಿನಿಂದ ನೋಡುವುದೇ ಇಲ್ಲ. ನೇರ ತಲೆಕೆಳಗು ಮಾಡಿ ಕಾಲುಗಳ ನಡುವೆ ಟಾರ್ಚು ಬಿಡುತ್ತಾರೆ. ‘ನೂರಿಪ್ಪತ್ತು ವರ್ಷ ಹಳೇದು ಸಾರ್’ ಎಂದು ವ್ಯಾಪಾರಿ ಹೇಳುತ್ತಿರುವಾಗಲೇ ಒಳಗೊಂದು ಪ್ಲಸ್ ತಲೆಯ ಸ್ಕ್ರೂ ಕಂಡರೆ ಮುಗಿಯಿತು: ಆ ಸ್ಕ್ರೂ ಅಮೆರಿಕದಲ್ಲಿ ಚಾಲ್ತಿಗೆ ಬಂದದ್ದೇ 1930ರ ದಶಕದಲ್ಲಿ. ರಿಪೇರಿಯಲ್ಲಿ ಸೇರಿಕೊಂಡಿದ್ದರೂ ಸೇರಿಕೊಂಡಿರಬಹುದು, ಆದರೆ ಚೌಕಾಸಿಗೆ ಅಷ್ಟು ಸಾಕು.

ನಿಜವಾದ ಸುಖ ಇರುವುದು ಬಿಚ್ಚುವುದರಲ್ಲಿ. ಸೋಫಾದ ಮೇಲಿನ ರೆಗ್ಜಿನ್ ಕಿತ್ತರೆ ಕೆಳಗೆ ಹೂವಿನ ಬಟ್ಟೆ, ಅದರ ಕೆಳಗೆ ಮಾಸಿದ ಮಖಮಲ್ಲು. ಹಳೆಯದನ್ನು ತೆಗೆಯುವ ಗೋಜಿಗೆ ಹೋಗದೆ ಅದರ ಮೇಲೆಯೇ ಹೊಸತನ್ನು ಹೊಡೆದುಬಿಡುವುದು ಸೋಮಾರಿ ಕೆಲಸವೇ. ಆದರೆ ಆ ಸೋಮಾರಿತನದಿಂದಲೇ ಮನೆಯ ಚರಿತ್ರೆ ಉಳಿದಿರುತ್ತದೆ. ಸಂದಿಗಳಲ್ಲಿ ಹೇರ್‌ಪಿನ್ನು, ಬಸ್ ಟಿಕೆಟ್ಟು, ಅಡಿಕೆ ಚೂರು. ‘ನಯಾ ಪೈಸೆ’ ಎಂದು ಬರೆದ ನಾಣ್ಯ ಸಿಕ್ಕರೆ ಅದು 1957ರಿಂದ 1964ರೊಳಗೆ ಟಂಕಿಸಿದ್ದು. ಅಂದಮೇಲೆ ಅದರ ಮೇಲಿನ ಹೊದಿಕೆ 1957ಕ್ಕಿಂತ ಹಳೆಯದಾಗಿರಲಾರದು. ಬಟ್ಟೆಯಾದ ಮೇಲೆ ಅರಳೆ, ಅರಳೆಯ ಕೆಳಗೆ ತೆಂಗಿನ ನಾರು, ನಾರಿನ ಕೆಳಗೆ ಗೋಣಿ, ಗೋಣಿಯ ಕೆಳಗೆ ಸ್ಪ್ರಿಂಗು, ಎಲ್ಲದರ ತಳದಲ್ಲಿ ಮಂಚಕ್ಕೆ ಬಿಗಿಯುವಂಥ ಅಗಲ ಪಟ್ಟಿಯ ನೇಯ್ಗೆ. ಯುರೋಪಿನವರು ಕುದುರೆ ಕೂದಲು ತುಂಬುತ್ತಿದ್ದ ಜಾಗದಲ್ಲಿ ನಮ್ಮವರು ನಾರು ತುಂಬಿದರು. ತೆಂಗಿನ ಸೀಮೆಯಲ್ಲಿ ಇನ್ನೇನು ತಾನೇ ತುಂಬಿಯಾರು?

ಕೂರುವ ಪೀಠಕ್ಕೆ ಸುರುಳಿ ಸ್ಪ್ರಿಂಗು ಹಾಕುವುದಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪ್ರಾಟ್ 1828ರಲ್ಲಿ ಪೇಟೆಂಟ್ ಪಡೆದ. ಸ್ಪ್ರಿಂಗು ಕಾರ್ಖಾನೆಯದ್ದಾದರೂ ಅದನ್ನು ಹದಕ್ಕೆ ತರುವುದು ಕೈ. ಬುಡವನ್ನು ದಬ್ಬಳದಿಂದ ಪಟ್ಟಿಗೆ ಹೊಲಿದು, ತುದಿಯನ್ನು ಹುರಿಯಿಂದ ಹಿಂದೆ ಮುಂದೆ, ಎಡ ಬಲ, ಮೂಲೆಯಿಂದ ಮೂಲೆಗೆ ಎಳೆದು ಕಟ್ಟಬೇಕು. ಒಂದೊಂದು ಸ್ಪ್ರಿಂಗಿನ ತಲೆಯ ಮೇಲೂ ಎಂಟು ದಿಕ್ಕಿನ ಎಳೆತ. ಹುರಿ ಸಡಿಲವಾದರೆ ಸ್ಪ್ರಿಂಗು ವಾಲಿ ಒಂದಕ್ಕೊಂದು ಉಜ್ಜಿ ಕಿರುಗುಟ್ಟುತ್ತದೆ, ಅತಿ ಬಿಗಿಯಾದರೆ ಹಲಗೆಯ ಮೇಲೆ ಕೂತ ಹಾಗಾಗುತ್ತದೆ. ಇದಕ್ಕೆ ಅಳತೆಪಟ್ಟಿ ಇಲ್ಲ. ಕೆಲಸಗಾರ ಅಂಗೈ ಊರಿ ಒತ್ತಿ ನೋಡುತ್ತಾನೆ, ತಲೆಯಾಡಿಸುತ್ತಾನೆ, ಒಂದು ಗಂಟು ಬಿಚ್ಚುತ್ತಾನೆ.

ಒತ್ತಿ ಗಟ್ಟಿಯಾದ ಅರಳೆಯನ್ನು ಎಸೆಯಬೇಕಾಗಿಲ್ಲ, ಹಿಂಜಿದರೆ ಮತ್ತೆ ಅರಳುತ್ತದೆ. ಹೆಗಲಿಗೆ ಬಿಲ್ಲು ಏರಿಸಿ, ಹೆದೆ ಮಿಡಿಯುತ್ತ ಬೀದಿಯಲ್ಲಿ ಬರುತ್ತಿದ್ದ ಪಿಂಜಾರರು ಈಗ ಅಪರೂಪ. ಬಿಡಿ ದಿಂಬುಗಳಿಗೆ ಬೂರುಗದ ಹತ್ತಿಯೇ ಬೇಕೆನ್ನುವವರೂ ಇದ್ದಾರೆ. ಲಾಲ್‌ಬಾಗಿನ ದೈತ್ಯ ಬೂರುಗದ ಮರದ ಕೆಳಗೆ ಕಾಯಿ ಒಡೆಯುವ ಕಾಲಕ್ಕೆ ಹೋದವರಿಗೆ ಅದರ ನವಿರು ಗೊತ್ತು. ಹಡಗಿನ ಜೀವರಕ್ಷಕ ಕೋಟುಗಳಿಗೂ ಒಂದು ಕಾಲದಲ್ಲಿ ಇದನ್ನೇ ತುಂಬುತ್ತಿದ್ದರು. ಇವೆಲ್ಲವನ್ನೂ ಬದಿಗೊತ್ತಿದ್ದು ಫೋಮು. ಡನ್‌ಲಪ್ ಕಂಪನಿ 1929ರಲ್ಲಿ ರಬ್ಬರಿನ ಹಾಲನ್ನು ಕಡೆದು ನೊರೆ ಮಾಡಿತು, ಆಮೇಲೆ ಅಗ್ಗದ ಪಾಲಿಯುರಿಥೇನ್ ಬಂತು. ಫೋಮು ಕೆಟ್ಟದ್ದೆಂದೇನಲ್ಲ. ಆದರೆ ವಯಸ್ಸಾದ ಮೇಲೆ ಅದು ಹಳದಿ ಪುಡಿಯಾಗಿ ಉದುರುತ್ತದೆ, ಆ ಪುಡಿಯನ್ನು ಯಾವ ಬಿಲ್ಲಿನಿಂದಲೂ ಹಿಂಜಲಾಗದು.

ಅಂಟಿನದ್ದೂ ಇದೇ ಕಥೆ. ಹಳೆಯ ಬಡಗಿಗಳದ್ದು ಸರೇಸು, ಪ್ರಾಣಿಗಳ ತೊಗಲು ಮೂಳೆ ಬೇಯಿಸಿ ತೆಗೆದದ್ದು. ಬಿಸಿನೀರಿನ ಆವಿ ತಾಕಿಸಿದರೆ ಸಂದು ಬಿಟ್ಟುಕೊಡುತ್ತದೆ, ಕಾಲು ಕಳಚಿ ಬರುತ್ತದೆ. 1959ರಲ್ಲಿ ಫೆವಿಕಾಲ್ ಬಂದಮೇಲೆ ಅಂಟಿಸುವುದು ಸಲೀಸಾಯಿತು, ಬಿಚ್ಚುವುದು ದುಸ್ತರವಾಯಿತು. ಅದರ ಜಾಹೀರಾತುಗಳು ಹೊಗಳಿಕೊಳ್ಳುವ ಗುಣವೇ ರಿಪೇರಿ ಮಾಡುವವರ ತಲೆನೋವು. ಮೇಲಿನ ಹಳೆಯ ಹೊಳಪಿನದ್ದೂ ಸರೇಸಿನ ಗುಣವೇ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ತೆಳುವಾಗಿ, ಪದರದ ಮೇಲೆ ಪದರವಾಗಿ ಉಜ್ಜಿದ ಫ್ರೆಂಚ್ ಪಾಲಿಶ್ ಮಾಸಿದಾಗ ಸ್ಪಿರಿಟ್ಟಿನಲ್ಲೇ ಮತ್ತೆ ಕರಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವುದೂ ಅರಗೇ, ತಾತನ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿದ್ದದ್ದೂ ಅರಗೇ. ಮರದ ಬಗ್ಗೆಯಂತೂ ಎಚ್ಚರ ತಪ್ಪುವಂತಿಲ್ಲ. 2017ರಿಂದ ಬೀಟೆಯ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿದೆ. ಉಪ್ಪುಕಾಗದದಲ್ಲಿ ಉಜ್ಜಿ ಕಳೆದದ್ದು ಮರಳಿ ಬಾರದು.

ಬೆತ್ತ ಹೆಣೆಯುವುದು ಇವೆಲ್ಲಕ್ಕಿಂತ ನಿಧಾನ. ನೆನೆಸಿದ ಎಳೆಯನ್ನು ಚೌಕಟ್ಟಿನ ತೂತುಗಳಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೊಮ್ಮೆ ಉದ್ದಕ್ಕೆ, ಮತ್ತೊಮ್ಮೆ ಅಡ್ಡಕ್ಕೆ, ಕೊನೆಗೆ ಎರಡೂ ಓರೆಗೆ ಎಳೆದಾಗ ಎಂಟು ಮೂಲೆಯ ಕಣ್ಣುಗಳು ತೆರೆಯುತ್ತವೆ. ಬೆರಳಿಗೆ ತಿಳಿದರೆ ಸಾಕಾದ ಕೆಲಸವಾದ್ದರಿಂದ ದೃಷ್ಟಿಹೀನರಿಗೆ ಇದನ್ನು ಕಲಿಸುವ ಪದ್ಧತಿ ಬೆಳೆಯಿತು. ಸರ್ಕಾರಿ ಕಚೇರಿಗಳ ಎಷ್ಟೋ ಕುರ್ಚಿಗಳನ್ನು ಹೆಣೆದದ್ದು ಅವರೇ. ಆಮೇಲೆ ಪ್ಲಾಸ್ಟಿಕ್ ವೈರು ಬಂತು, ಬೇಸಿಗೆಯಲ್ಲಿ ಬೆನ್ನು ಬೆವರತೊಡಗಿತು.

ಇಂಥ ಕುರ್ಚಿಗಳ ಬೆಲೆ ತಡವಾಗಿ ಗೊತ್ತಾದದ್ದು ಬೆಂಗಳೂರಿಗೆ ಮಾತ್ರವಲ್ಲ. ವಾಸ್ತುಶಿಲ್ಪಿ ಪಿಯರ್ ಜೆನೆರೆ 1950ರ ದಶಕದಲ್ಲಿ ಚಂಡೀಗಢದ ಕಚೇರಿಗಳಿಗೆಂದು ರೂಪಿಸಿದ ತೇಗ-ಬೆತ್ತದ ಕುರ್ಚಿಗಳನ್ನು ಅಲ್ಲಿಯ ಅಧಿಕಾರಿಗಳು ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. ಅವೇ ಯುರೋಪಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಬಿಕರಿಯಾದಾಗ ಎಚ್ಚರವಾಯಿತು.

ಮಲ್ಲೇಶ್ವರದ ಮನೆಗೆ ಅಂಥ ಲಾಭದ ಆಸೆಯೇನೂ ಇರುವುದಿಲ್ಲ. ಹಳೆಯದನ್ನು ನೇರ್ಪುಗೊಳಿಸುವ ಖರ್ಚಿನಲ್ಲಿ ಹೊಸ ಸೋಫಾ ಸೆಟ್ಟೇ ಬರುತ್ತದೆ ಎಂದು ಮಗ ಲೆಕ್ಕ ಹೇಳುತ್ತಾನೆ. ಬಟ್ಟೆಯ ಬಣ್ಣಕ್ಕೆ ಅತ್ತೆ ಸೊಸೆಗೆ ಒಂದು ಸುತ್ತು ಮಾತಾಗುತ್ತದೆ. ಅಂತೂ ಕುರ್ಚಿ ಮರಳಿ ಬಂದ ದಿನ ಅಜ್ಜಿಯ ತಕರಾರು ಶುರು: ‘ಇದೇನಪ್ಪಾ, ಇಷ್ಟು ಎತ್ತರ ಮಾಡ್ಬಿಟ್ಟಿದೀಯ? ನನ್ನ ಕಾಲು ನೆಲಕ್ಕೇ ತಾಕ್ತಿಲ್ಲ.’ ಹೊಸದಾಗಿ ಕಟ್ಟಿದ ಸ್ಪ್ರಿಂಗು, ಹೊಸದಾಗಿ ಹಿಂಜಿದ ಅರಳೆ. ಎರಡೂ ಇನ್ನೂ ಅಮರಿಲ್ಲ. ಕೆಲಸದವನು ದಬ್ಬಳ, ಹುರಿ ಚೀಲಕ್ಕೆ ತುರುಕುತ್ತ ಹೇಳುತ್ತಾನೆ: ‘ದಿನಾ ಕೂತ್ಕೊಳ್ಳಿ ಅಮ್ಮಾ, ಯುಗಾದಿ ಹೊತ್ಗೆ ತಾನೇ ಇಳಿಯುತ್ತೆ.’