ಬೀಳುವ ತನಕ ಕಾಯುವ ವೈದ್ಯ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವೊಂದುಂಟು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಅಮೆರಿಕನ್ನರಿಬ್ಬರು 1974ರಲ್ಲಿ ಹೊರತಂದದ್ದು. ಮೇಜಿನ ಸುತ್ತ ಕುಳಿತು, ಒಬ್ಬ ಯೋಧನಾಗಿ ಇನ್ನೊಬ್ಬ ಮಾಂತ್ರಿಕನಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವುದೇ ಆಟ. ನಾನು ಅದರಲ್ಲಿ ಅರ್ಚಕ. ಗಾಯ ಮಾಯಿಸುವುದು ನನ್ನ ಪಾಲಿನ ಕೆಲಸ.

ನಾವು ಆಡುವ 2014ರ ನಿಯಮಗಳಲ್ಲಿ ಒಂದು ವಿಚಿತ್ರವಿದೆ. ಪ್ರಾಣದ ಅಂಕ ಸೊನ್ನೆಗಿಳಿದವನು ಸಾಮಾನ್ಯವಾಗಿ ಒಡನೆಯೇ ಸಾಯುವುದಿಲ್ಲ, ಮೂರ್ಛೆ ಹೋಗುತ್ತಾನೆ. ಆಮೇಲೆ ತನ್ನ ಸರದಿ ಬಂದಾಗಲೆಲ್ಲ 20 ಮುಖದ ದಾಳ ಎಸೆಯಬೇಕು. 10ಕ್ಕೆ ಕಡಮೆ ಬಿದ್ದರೆ ಒಂದು ಸೋಲು. 3 ಸೋಲಿಗೆ ಮರಣ. ನನ್ನ ಮಂತ್ರ ಕೊಡುವುದು ಹೆಚ್ಚೆಂದರೆ 7 ಅಂಕ. ಓಗರ್ ಎಂಬ ರಾಕ್ಷಸನ ಪೆಟ್ಟು ಕಸಿಯುವುದು ಸರಾಸರಿ 13. ನಿಂತವನಿಗೆ ಮದ್ದು ದಂಡ! ಬಿದ್ದವನಿಗಾದರೋ ಒಂದೇ ಅಂಕ ದೊರೆತರೂ ಎದ್ದು ಕತ್ತಿ ಬೀಸುತ್ತಾನೆ. ಹೀಗಾಗಿ ಜಾಣ ವೈದ್ಯನು ಗೆಳೆಯ ಬೀಳಲೆಂದೇ ಕಾಯುತ್ತಾನೆ.

ನಾನೂ ಕಾದೆ. ಗೆಳೆಯನ ಯೋಧನಿಗೆ 4 ಅಂಕ ಉಳಿದಿತ್ತು.

“ಮಂತ್ರ ಹಾಕೋದಿಲ್ವೇನೋ?” ಎಂದ.

“ಮೊದಲು ಬೀಳು ಮಾರಾಯ, ಆಮೇಲೆ ನೋಡೋಣ” ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಮೊದಲ ಓಗರ್ ಕೆಡವಿತು. ಎರಡನೆಯದು ಬಿದ್ದವನನ್ನೇ ಹೊಡೆಯಿತು. ಮೂರ್ಛೆ ಹೋದವನಿಗೆ ಹತ್ತಿರದಿಂದ ತಗುಲಿದ ಪೆಟ್ಟು 2 ಸೋಲಿಗೆ ಸಮವೆಂಬುದು ನನಗೆ ಮರೆತೇಹೋಗಿತ್ತು. ನನಗಿಂತ ಮೊದಲು ಅವನ ಸರದಿ. ದಾಳ 7 ತೋರಿಸಿತು.

ಅವನೇನೂ ಸಿಟ್ಟಾಗಲಿಲ್ಲ. ಮಳೆಗಾಲದಿಂದ ಬರೆದು ಅಳಿಸಿ ತೂತುಬಿದ್ದಿದ್ದ ಆ ಯೋಧನ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಖರ್ಚಾಗದ ಮಂತ್ರ ನನ್ನ ಬಳಿಯೇ ಉಳಿದಿತ್ತು.