ಸಣ್ಣ ಮಾವನ ಕುದುರೆ

ಆಗೆಲ್ಲ ಬಸವನಗುಡಿಯಲ್ಲಿ ‘ಹುಡುಗ ರೇಸಿಗೆ ಹೋಗ್ತಾನಂತೆ’ ಅನ್ನೋ ಸುದ್ದಿ ಹಬ್ಬಿತು ಅಂದರೆ ಸಂಬಂಧ ಅಲ್ಲಿಗೇ ಮುರಿಯಿತು ಅಂತಲೇ ಲೆಕ್ಕ. ಹೆಣ್ಣು ಕೊಡುವವರು ಗಾಂಧಿ ಬಜಾರಿನಲ್ಲಿ ನಾಲ್ಕು ಜನರನ್ನ ವಿಚಾರಿಸಿಯೇ ಜಾತಕ ಕೈಗೆ ತಗೊಳ್ತಿದ್ದರು. ನಮ್ಮ ಸಣ್ಣ ಮಾವನಿಗೆ ಮದುವೆ ತಡವಾದದ್ದು ಇದರಿಂದಲೇ ಅಂತ ಅಮ್ಮ ಕೊನೆಯವರೆಗೂ ನಂಬಿದ್ದಳು. ತಮಾಷೆ ಅಂದರೆ, ಆಗಿನ್ನೂ ಮಾವ ಕುದುರೆ ಮೇಲೆ ನಾಲ್ಕಾಣೆಯನ್ನೂ ಕಟ್ಟಿದವನಲ್ಲ. ಅವನಿಗೆ ಬೇಕಾಗಿದ್ದದ್ದು ಕುದುರೆ, ದುಡ್ಡಲ್ಲ.

ಈ ಹುಚ್ಚು ಹತ್ತಿದ್ದು ಕುಣಿಗಲ್ಲಿನಲ್ಲಿ. ಗುಮಾಸ್ತೆ ಕೆಲಸದ ಮೇಲೆ ಕೆಲವು ಕಾಲ ಅಲ್ಲಿದ್ದ. ಹೈದರ್, ಟಿಪ್ಪು ಕಾಲದಿಂದಲೂ ದಂಡಿನ ಕುದುರೆ ಸಾಕುತ್ತಿದ್ದ ಜಾಗ ಅದು. ಆಮೇಲೆ ರೇಸ್ ಕುದುರೆಗಳ ಸ್ಟಡ್ ಫಾರ್ಮ್ ಆಯಿತು. ಒಂದು ರಾತ್ರಿ ಅಲ್ಲಿ ಮರಿ ಹಾಕೋದನ್ನ ನೋಡಿದನಂತೆ. ಹನ್ನೊಂದು ತಿಂಗಳು ಹೊಟ್ಟೆಯಲ್ಲಿದ್ದ ಮರಿ, ಬಿದ್ದ ಒಂದು ತಾಸಿನೊಳಗೆ ನಡುಗುವ ಉದ್ದನೆ ಕಾಲುಗಳನ್ನ ನಾಲ್ಕು ದಿಕ್ಕಿಗೆ ಚಾಚಿ, ಮುಗ್ಗರಿಸಿ, ಮತ್ತೆ ಎದ್ದು ನಿಂತು ಮೊಲೆ ಹುಡುಕಿತಂತೆ. ‘ಮನುಷ್ಯರಿಗೆ ಒಂದು ವರ್ಷ ಬೇಕು ಕಣೋ, ಎದ್ದು ನಿಲ್ಲೋಕೆ’ ಅನ್ನುತ್ತಿದ್ದ, ನಸ್ಯದ ಡಬ್ಬಿ ತಟ್ಟುತ್ತಾ.

ಅಂಥವನಿಗೆ ಒಂದು ಕುದುರೆ ದೇವರಾಗಿಬಿಟ್ಟಿತು. ಸ್ಕ್ವಾಂಡರರ್ ಅಂತ ಹೆಸರು. 1973ರಲ್ಲಿ ಹುಟ್ಟಿದ್ದು. ಓಡಿದ್ದು ಒಟ್ಟು 19 ರೇಸು, ಗೆದ್ದದ್ದು 18. ಸೋತ ಆ ಒಂದರ ಮಾತೆತ್ತಿದರೆ ಮಾವ ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದ. ಬೊಂಬಾಯಿಯವರ ಕಣ್ಣು ಕೋರೈಸಿದ ಈ ಕುದುರೆಯನ್ನ ತಯಾರು ಮಾಡಿದವರು ನಮ್ಮೂರಿನ ಟ್ರೇನರ್ ರಶೀದ್ ಬೈರಾಮ್ಜಿ ಅನ್ನೋದು ಅವನಿಗೆ ಮನೆಯ ಹುಡುಗ ರ‍್ಯಾಂಕ್ ಬಂದಷ್ಟು ಹೆಮ್ಮೆ.

1977ರ ಡರ್ಬಿ ಸಮಯ ನನಗೆ ನೆನಪಿರೋದು ಅವರೆಕಾಯಿಯಿಂದ. ಸೊಗಡಿನ ಕಾಲ. ಜಗಲಿಯ ಮೇಲೆ ಅಜ್ಜಿ, ಅಮ್ಮ, ನಾನು, ಮಾವ ಕೂತು ನೆನೆಸಿದ ಕಾಳು ಹಿತುಕುತ್ತಿದ್ದೆವು. ಮಾವನ ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಸೀದಾ ಪಾತ್ರೆಗೆ; ನನ್ನದು ಅಜ್ಜಿಯ ಸೆರಗಿಗೆ. ಎಮರ್ಜೆನ್ಸಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೂ ಚುನಾವಣೆ ಬಂದಿತ್ತು. ಅಕ್ಕಪಕ್ಕದ ಜಗಲಿಗಳಲ್ಲೆಲ್ಲ ಇಂದಿರಾ ಗಾಂಧಿ ಗೆಲ್ತಾರಾ ಸೋಲ್ತಾರಾ ಅನ್ನೋದೇ ಮಾತು, ಅದೂ ದನಿ ತಗ್ಗಿಸಿ. ನಮ್ಮ ಜಗಲಿಯಲ್ಲಿ ಮಾತ್ರ ಬೊಂಬಾಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನ 2400 ಮೀಟರು. ಸುದ್ದಿ ರೇಡಿಯೋದಲ್ಲಿ ಬಂತೋ, ಮಾರನೆ ದಿನದ ಪೇಪರಿನಲ್ಲೋ, ಈಗ ಆಣೆ ಮಾಡಿ ಹೇಳಲಾರೆ. ಗೆದ್ದಿತು ಅನ್ನೋದು ಖಚಿತ. ಮಾವ ಮೂರನೇ ಸಲ ಹಿತಕಿದ ಬೇಳೆ ಸಾರು ಹಾಕಿಸಿಕೊಂಡದ್ದೂ ಖಚಿತ. 1600 ಮೀಟರಿನ ಗಿನೀಸ್, 2400ರ ಡರ್ಬಿ, 2800ರ ಸೇಂಟ್ ಲೆಜರ್, ಮೂರೂ ಗೆದ್ದು ಅದು ಟ್ರಿಪಲ್ ಕ್ರೌನ್ ಪಡೆಯಿತು. ‘1600 ಓಡೋನಿಗೆ ಚುರುಕು ಬೇಕು, 2800ಕ್ಕೆ ದಮ್ಮು ಬೇಕು. ಎರಡೂ ಒಂದೇ ಮೈಯಲ್ಲಿ ಇರೋದಿಲ್ಲ. ಇವನಲ್ಲಿದೆ’ ಅಂತ ಮಾವನ ವ್ಯಾಖ್ಯಾನ. ಕುದುರೆಗೆ ಅವನು ಯಾವತ್ತೂ ‘ಅದು’ ಅಂದವನಲ್ಲ.

ಒಂದು ಬೆಳಗಿನ ಜಾವ ದೊಡ್ಡ ಗಣಪತಿಗೆ ಹೋಗ್ತೀವಿ ಅಂತ ಅಮ್ಮನಿಗೆ ಹೇಳಿ ಮಾವ ನನ್ನನ್ನ ರೇಸ್‌ಕೋರ್ಸ್ ಕಡೆಗೆ ಕರೆದುಕೊಂಡು ಹೋದ. ಮಂಕಿ ಟೋಪಿ, ಮಫ್ಲರು, ಬಾಯಿ ಬಿಟ್ಟರೆ ಹೊಗೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಆನಂದರಾವ್ ಸರ್ಕಲ್ ಮೇಲೆ ನಡಿಗೆ. ಮಂಜಿನೊಳಗಿಂದ ಮೊದಲು ಸದ್ದು ಬಂತು, ಆಮೇಲೆ ಉಸಿರು, ಆಮೇಲೆ ಕುದುರೆ. ಮೈ ತೊಳೆದಂಥ ಬೆವರು. ಬೆನ್ನಿಗೆ ಕಂಬಳಿ ಹೊದಿಸಿಕೊಂಡು ಸೈಸುಗಳ ಜೊತೆ ವಾಪಸು ಹೋಗುವಾಗ ಮಾವ ಒಂದನ್ನ ತೋರಿಸಿ ‘ಅವನೇ’ ಅಂದ. ಬಣ್ಣ ಕೇಳಬೇಡಿ. ಅವನೇ ಹೌದೋ ಅಲ್ಲವೋ, ಮಾವನಿಗೂ ಗೊತ್ತಿತ್ತು ಅಂತ ನನಗನ್ನಿಸೋದಿಲ್ಲ. ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಿಸಿ ಬಾಯಿ ಮುಚ್ಚಿಸಿದ. ಮನೆಯಲ್ಲಿ ಅಮ್ಮ ನನ್ನ ಚಪ್ಪಲಿ ಮೂಸಿ, ‘ಗಣಪತಿ ಯಾವಾಗಿಂದ ಲದ್ದಿ ಹಾಕೋಕೆ ಶುರು ಮಾಡಿದ?’ ಅಂದಳು.

ಜೂಜಿನವರಿಗೆ ಇಂಥ ಕುದುರೆ ಕಂಡರೆ ಅಷ್ಟಕ್ಕಷ್ಟೆ. ಗೆದ್ದೇ ಗೆಲ್ಲುತ್ತೆ ಅಂತ ಊರಿಗೆಲ್ಲ ಗೊತ್ತಿದ್ದರೆ ಬುಕ್ಕಿ ಕೊಡೋದು ಚಿಲ್ಲರೆ ಕಾಸು. ಅವನನ್ನ ಮನಸಾರೆ ಮೆಚ್ಚಿದವರು ದುಡ್ಡು ಕಟ್ಟದವರೇ ಇರಬೇಕು ಅಂತ ನನ್ನ ಗುಮಾನಿ.

ಓಟ ಮುಗಿಸಿ ಸ್ಕ್ವಾಂಡರರ್ ಸ್ಟಡ್‌ಗೆ ಹೋದ ಮೇಲೆ ಮಾವನ ಕಣ್ಣು ಮರಿಗಳ ಮೇಲೆ ಬಿತ್ತು. ಥರೋಬ್ರೆಡ್ ಅನ್ನಿಸಿಕೊಂಡ ಪ್ರತಿ ಕುದುರೆಯ ಗಂಡುಮೂಲವೂ ಇಂಗ್ಲೆಂಡಿಗೆ ಹೋದ ಮೂರೇ ಗಂಡುಕುದುರೆಗಳಿಗೆ ಮುಟ್ಟುತ್ತೆ: ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇದನ್ನ ಬೆರಳು ಮಡಿಸಿ ಹೇಳುತ್ತಿದ್ದ. ಕೃತಕ ಗರ್ಭಧಾರಣೆ ಈ ಜಾತಿಗೆ ನಿಷಿದ್ಧ. ಗಂಡು ಹೆಣ್ಣು ಎದುರಾಗಿಯೇ ಆಗಬೇಕು. ಇದನ್ನ ಹೇಳುವಾಗ ಅಜ್ಜಿ ಒಳಗೆ ಹೋಗುವವರೆಗೂ ಕಾಯುತ್ತಿದ್ದ.

ಆ ಮರಿಗಳಲ್ಲೊಂದು, ಹೆಣ್ಣು, ಬೆಂಗಳೂರಿನಲ್ಲಿ ಓಡಿದ ದಿನ ಮಾವ ಜನ್ಮದಲ್ಲಿ ಮೊದಲ ಸಲ ಹತ್ತು ರೂಪಾಯಿ ಕಟ್ಟಿದ. ಅಪ್ಪನ ಋಣ ಅಂದ. ಅದು ಮೂರನೆಯದಾಗಿ ಬಂತು. ಪ್ಲೇಸ್ ಟಿಕೆಟ್ ತಗೊಂಡಿದ್ದರೆ ನಾಲ್ಕು ಕಾಸು ಬರುತ್ತಿತ್ತು; ಮಾವ ತಗೊಂಡದ್ದು ವಿನ್ ಟಿಕೆಟ್. ಮೂರು ತಲೆಮಾರಿನ ವಂಶಾವಳಿ ಬಾಯಿಪಾಠ ಇದ್ದವನಿಗೆ ಎರಡು ಟಿಕೆಟ್ಟಿಗಿರುವ ವ್ಯತ್ಯಾಸ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಯಾರೋ ಬಿಡಿಸಿ ಹೇಳಿದಾಗ ತಲೆ ಆಡಿಸಿ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, ‘ಕೊನೇಲಿ ಹೆಜ್ಜೆ ನೋಡಿದೆಯೇನೋ? ಥೇಟ್ ಅವನದೇ’ ಅಂದ.