ಚೆನ್ನೆಮಣೆ ಹುಡುಕಿಕೊಂಡು ಮೂಡುಬಿದಿರೆಗೆ

ಆಟಿ ತಿಂಗಳ ಒಂದು ಭಾನುವಾರ. ಪಾಣೆಮಂಗಳೂರಿನ ನಮ್ಮ ಮನೆಯಿಂದ ಹೊರಟಾಗ ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ನನ್ನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪತ್ರೊಡೆಯ ಡಬ್ಬಿ. ಎಂಟನೇ ತರಗತಿಯ ಮೊಮ್ಮಗನ ಚೀಲದಲ್ಲಿ ಚೌಕುಳಿ ಗೆರೆಯ ಲೆಕ್ಕದ ಪುಸ್ತಕ, ಐದನೇ ತರಗತಿಯ ಮೊಮ್ಮಗಳ ಬಳಿ ಬಣ್ಣದ ಪೆನ್ಸಿಲುಗಳು.

ಹಿಂದಿನ ವಾರ ಅಟ್ಟ ಗುಡಿಸುವಾಗ ಮಗನ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ ಸಿಕ್ಕಿತ್ತು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು. ತೊಂಬತ್ತರ ದಶಕದಲ್ಲಿ ಮಕ್ಕಳು ಅದನ್ನು ಟಿ.ವಿ.ಗೆ ಜೋಡಿಸಿ, ‘ಕ್ಯಾಸೆಟ್’ ಸಿಕ್ಕಿಸಿ ಆಡುತ್ತಿದ್ದರು. ಪುಣ್ಯಕ್ಕೆ ಅದು ಇನ್ನೂ ಚಾಲೂ ಆಯಿತು.

“ಅಜ್ಜಿ, ಇದಕ್ಕೆ ನಾನೇ ಒಂದು ಹೊಸ ಆಟ ಮಾಡ್ತೇನೆ” ಎಂದ ಪುಟ್ಟ. ಇಂಥ ಹಳೆಯ ಯಂತ್ರಗಳಿಗೆ ಮನೆಯಲ್ಲೇ ಕುಳಿತು ಆಟ ಬರೆಯುವವರು ಈಗಲೂ ಲೋಕದ ತುಂಬ ಇದ್ದಾರಂತೆ. 2019ರಲ್ಲಿ ಮಾರ್ಫ್‌ಕ್ಯಾಟ್ ಗೇಮ್ಸ್ ಎಂಬ ಪುಟ್ಟ ತಂಡ ‘ಮೈಕ್ರೊ ಮೇಜಸ್’ ಎಂಬ ಆಟವನ್ನು ಬರೇ 40 ಕಿಲೋಬೈಟಿನಲ್ಲಿ ಮುಗಿಸಿತಂತೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊಕ್ಕೇ ಅದರ ಎಷ್ಟೋ ಪಟ್ಟು ಜಾಗ ಬೇಕು.

ಪುಟ್ಟನ ಮನಸ್ಸಿನಲ್ಲಿದ್ದದ್ದು ಕೋಟೆ, ಸೈನಿಕರು, ಯುದ್ಧ. “ಯುದ್ಧದ ಆಟ ಎಲ್ಲರೂ ಮಾಡ್ತಾರೆ ಮಗಾ. ನೀನು ಚೆನ್ನೆ ಮಾಡು” ಎಂದೆ. ಆಡಿದ ಮಾತು ನನ್ನನ್ನೇ ಚುಚ್ಚಿತು. ನನಗೆ ಗೊತ್ತಿರುವುದು ಒಂದೇ ಬಗೆಯ ಚೆನ್ನೆ. ನಾಲ್ಕು ಬಗೆ ಬಲ್ಲವಳು ಮೂಡುಬಿದಿರೆಯ ನನ್ನ ಅಕ್ಕ. ಅವಳಿಗೀಗ 84. ಎರಡು ವರ್ಷಗಳಿಂದ ಮರೆವು ಹೆಚ್ಚುತ್ತಿದೆ. ತವರಿನ ಚೆನ್ನೆಮಣೆ ಇರುವುದೂ ಅವಳ ಬಳಿಯೇ. ಇನ್ನು ತಡ ಮಾಡಬಾರದು ಎನಿಸಿತು.

ಬಿ.ಸಿ. ರೋಡಿನಿಂದ ಬಸ್ಸು ಬಂಟ್ವಾಳ, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಗೆ ಬಂತು. ಮೂಡುಬಿದಿರೆಗೆ ಅಲ್ಲಿಯೇ ಬಸ್ಸು ಬದಲಿಸಬೇಕು. ಆದರೆ ಪುಟ್ಟನಿಗೆ ಗಡಾಯಿಕಲ್ಲು ನೋಡಲೇಬೇಕಿತ್ತು. ಹಾಗಾಗಿ ಬೆಳ್ತಂಗಡಿಯವರೆಗೂ ಹೋದೆವು. ಜಮಾಲಾಬಾದ್ ಎಂದೂ, ನರಸಿಂಹಗಡ ಎಂದೂ ಕರೆಯುವ ಆ ಬಂಡೆಯ ತಲೆಯ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿ ತಾಯಿಯ ಹೆಸರಿಟ್ಟ. ಮೇಲೇರಲು 1,800ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮಳೆಗಾಲದಲ್ಲಿ ಹತ್ತುವ ಮಾತಿಲ್ಲ. ಮೋಡ ಸರಿದು ಐದು ನಿಮಿಷ ಬಂಡೆ ಕಂಡಿತು, ಪುಟ್ಟ ಬರೆದುಕೊಂಡ.

“ಇಷ್ಟೊಂದು ಮೆಟ್ಟಿಲು ನಿನ್ನ ಯಂತ್ರಕ್ಕೆ ಹಿಡಿಸುತ್ತದಾ?” ಎಂದು ಕೇಳಿದೆ.

“ಒಂದು ಮೆಟ್ಟಿಲು ಬರೆದರೆ ಸಾಕಜ್ಜಿ. ಅದನ್ನೇ ಮತ್ತೆ ಮತ್ತೆ ಇಡುದು” ಎಂದ. ಟಿ.ವಿ. ಪರದೆಯನ್ನು ಅವನ ಯಂತ್ರ ಅಡ್ಡಕ್ಕೆ 32, ಉದ್ದಕ್ಕೆ 30 ಚೌಕಗಳಾಗಿ ನೋಡುತ್ತದೆ. ಒಟ್ಟು 960 ಚೌಕ. ಹಿನ್ನೆಲೆಗೆ 256 ಬಗೆಯ ಅಚ್ಚುಗಳನ್ನು ಇಟ್ಟುಕೊಳ್ಳಬಹುದು. ನೆಲಕ್ಕೆ ಹೆಂಚು ಹಾಸಿದಂತೆ ಅವುಗಳನ್ನೇ ಜೋಡಿಸಬೇಕು.

ಮೂಡುಬಿದಿರೆಯ ದಾರಿಯಲ್ಲಿ ವೇಣೂರು ಸಿಗುತ್ತದೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿಗೆ ಬಸ್ಸಿನಿಂದಲೇ ಕೈಮುಗಿದೆವು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮನೆ.

“ಯಾರು ಬಂದದ್ದು?” ಎಂದಳು ಅಕ್ಕ. ಹೆಸರು ಹೇಳಿದೆ. ಸ್ವಲ್ಪ ಹೊತ್ತು ಮುಖ ನೋಡಿ, ನನ್ನನ್ನು ಅವಳ ನಾದಿನಿ ಎಂದುಕೊಂಡು ಮಾತಾಡಿದಳು. ಚೆನ್ನೆಯ ಸುದ್ದಿ ತೆಗೆದರೆ, “ಅದೆಲ್ಲ ಮರೆತಿದೆ” ಎಂದು ಕಣ್ಣು ಮುಚ್ಚಿದಳು. ಪುಟ್ಟನ ಮುಖ ಬಾಡಿತು. ನನ್ನದೂ ಬಾಡಿರಬೇಕು.

ಅವಳು ಮಲಗಿದ ಮೇಲೆ ಮಕ್ಕಳನ್ನು ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದೆ. 1430ರಲ್ಲಿ ಕಟ್ಟಿದ್ದು. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. “ಇದು ನನ್ನ ಯಂತ್ರಕ್ಕೆ ಹಿಡಿಸುದಿಲ್ಲ. 256 ಅಚ್ಚು ಎಲ್ಲಿಗೆ ಸಾಕು!” ಎಂದು ಪುಟ್ಟ ನಕ್ಕ.

ಮುಂದೆ ಚೌಟರ ಅರಮನೆ. ಕೇಳಿಕೊಂಡು ಒಳಗೆ ಹೋದೆವು. ಅಲ್ಲಿನ ಮರದ ಕಂಬದಲ್ಲಿ ನವನಾರಿ ಕುಂಜರ ಇದೆ. ದೂರದಿಂದ ಆನೆ. ಹತ್ತಿರ ಹೋದರೆ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಐವರು ಕುದುರೆಯಾದ ಪಂಚನಾರಿ ತುರಗವೂ ಉಂಟು.

ಪುಟ್ಟ ಬಾಯಿ ತೆರೆದು ನಿಂತ. “ಅಜ್ಜಿ, ನನ್ನ ಯಂತ್ರವೂ ಹೀಗೆಯೇ! ಅದಕ್ಕೆ ದೊಡ್ಡ ಗೊಂಬೆ ಗೊತ್ತಿಲ್ಲ. ಚಿಕ್ಕ ಚಿಕ್ಕ ತುಂಡು ಜೋಡಿಸಿಯೇ ದೊಡ್ಡದು ಮಾಡಬೇಕು. ಒಂದೇ ಗೆರೆಯಲ್ಲಿ 8 ತುಂಡು ಮಾತ್ರ ಕಾಣುದು. ಈ ಒಂಬತ್ತು ಜನ ಸಾಲಾಗಿ ನಿಂತರೆ ಒಬ್ಬಳು ಮಾಯ. ಆನೆಯಾಗಿ ಒಬ್ಬರ ಮೇಲೊಬ್ಬರು ನಿಂತರೆ ಎಲ್ಲರೂ ಕಾಣ್ತಾರೆ!”

ನಾಲ್ಕು ಗಂಟೆಗೆ ಮರಳಿದಾಗ ಅಕ್ಕನ ಸೊಸೆ ಕಪಾಟಿನಿಂದ ಚೆನ್ನೆಮಣೆ ತೆಗೆದಿಟ್ಟಿದ್ದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ 56 ಬೀಜ. ನಾನು ಮಂಜೊಟ್ಟಿ ಬೀಜಗಳನ್ನು ಅಕ್ಕನ ಮಡಿಲಿಗೆ ಸುರಿದೆ. ಅವಳು ಏನೂ ಹೇಳಲಿಲ್ಲ. ಬೆರಳು ತಾನಾಗಿಯೇ ನಾಲ್ಕು ನಾಲ್ಕು ಎಣಿಸಿ ಗುಳಿ ತುಂಬತೊಡಗಿತು. ಕೊನೆಯ ಗುಳಿಯಲ್ಲಿ ಎರಡೇ ಬೀಜ. “ಎರಡು ಕಡಿಮೆ ಉಂಟು. ಅಡುಗೆಮನೆಯಿಂದ ಹುಣಸೆಬೀಜ ತಾ” ಎಂದಳು. ಈ ಬಾರಿ ನನ್ನ ಹೆಸರು ಹಿಡಿದೇ ಕರೆದಳು.

“ನೀವಿಬ್ಬರೂ ಆಡಿ” ಎಂದ ಪುಟ್ಟ. ಅಕ್ಕ ಕೂಡಲೇ ಕೈ ಹಿಂತೆಗೆದಳು. ಅಕ್ಕ–ತಂಗಿ ಚೆನ್ನೆ ಆಡಬಾರದು. ಸಿರಿ ಪಾಡ್ದನದ ಅಬ್ಬಗೆ, ದಾರಗೆ ಅವಳಿ ಸಹೋದರಿಯರು. ಚೆನ್ನೆ ಆಡುತ್ತಾ ಜಗಳ ಹತ್ತಿತು. ಒಬ್ಬಳು ಮಣೆಯಲ್ಲಿ ಹೊಡೆದಳು, ಇನ್ನೊಬ್ಬಳು ಸತ್ತಳು. ಹೊಡೆದವಳೂ ಉಳಿಯಲಿಲ್ಲ. ನಮ್ಮಮ್ಮ ಇದನ್ನು ಹೇಳಿ ನಮ್ಮಿಬ್ಬರನ್ನು ಒಮ್ಮೆಯೂ ಎದುರುಬದುರು ಕೂರಲು ಬಿಟ್ಟಿರಲಿಲ್ಲ.

ಪುಟ್ಟಿಯೇ ದಾರಿ ತೋರಿಸಿದಳು: “ಹಾಗಾದರೆ ನೀವಿಬ್ಬರೂ ಒಂದೇ ಬದಿ ಕೂತ್ಕೊಳ್ಳಿ. ನಾವಿಬ್ಬರು ಆಚೆ ಬದಿ.”

ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಾನೂ ಅಕ್ಕನೂ ಒಂದೇ ಮಣೆಗೆ ಕೂತೆವು. ಅವಳು ಬೀಜ ಎತ್ತಿ, ಒಂದೊಂದೇ ಗುಳಿಗೆ ಹಾಕುತ್ತಾ, ಮುಂದಿನ ಗುಳಿಯದ್ದನ್ನು ಮತ್ತೆ ಎತ್ತುತ್ತಾ ಹೋದಳು. ಮುಂದಿನ ಗುಳಿ ಖಾಲಿಯಾಗಿದ್ದರೆ ಅದರಾಚೆಯದ್ದು ನಮ್ಮ ಪಾಲು. ಮಕ್ಕಳು ಸೋತರು. ಇನ್ನೊಂದು ಬಗೆಯನ್ನೂ ಅಕ್ಕ ಆಡಿ ತೋರಿಸಿದಳು. ಮೂರನೆಯದಕ್ಕೆ ಕೈ ಎತ್ತಿದವಳು ಹಾಗೆಯೇ ನಿಂತಳು. “ಬರುದಿಲ್ಲ” ಎಂದಳು. ಪುಟ್ಟ ಪುಸ್ತಕದಲ್ಲಿ ಎರಡು ಪುಟ ತುಂಬಿಸಿ, ಎರಡು ಪುಟ ಖಾಲಿ ಬಿಟ್ಟ.

ಮರಳುವ ಬಸ್ಸಿನಲ್ಲಿ ಯೋಜನೆ ಸಿದ್ಧವಾಯಿತು. ಯಂತ್ರಕ್ಕಿರುವ ನೆನಪು 2 ಕಿಲೋಬೈಟ್, ಅಂದರೆ 2,048 ಸಣ್ಣ ಗೂಡು. ಚೆನ್ನೆಗೆ ಗುಳಿಗಳ ಲೆಕ್ಕಕ್ಕೆ 14, ಗೆದ್ದ ಬೀಜಗಳಿಗೆ 2 ಸಾಕು. ಮಣೆ, ಬೀಜ ಎಲ್ಲ ಹಿನ್ನೆಲೆ. ಚಲಿಸುವುದು ಒಂದು ಕೈ ಮಾತ್ರ. ಮೊದಲು ಕಂಪ್ಯೂಟರಿನಲ್ಲಿ ಆಡಿ ನೋಡುವುದು, ಕ್ಯಾಸೆಟ್ ಆಮೇಲೆ. ಎರಡು ಕಂಟ್ರೋಲರ್ ಹಿಡಿದವರು ಯಾವಾಗಲೂ ಒಂದೇ ಬದಿ. ಎದುರಾಳಿ ಯಂತ್ರ. ಅಕ್ಕ–ತಂಗಿಯರೂ ಆಡಬಹುದು.

“ಎರಡು ಹುಣಸೆಬೀಜವೂ ಬೇಕು” ಎಂದು ಪುಟ್ಟಿ ಹಠ ಹಿಡಿದಳು. ಒಂದು ಚೌಕಕ್ಕೆ ನಾಲ್ಕೇ ಬಣ್ಣ ಎಂದು ಅಣ್ಣ ಗದರಿದ. ಅವಳು ಪೆನ್ಸಿಲು ತೆಗೆದು ಎಣಿಸಿದಳು: ಮರಕ್ಕೆ ಕಂದು, ಗುಳಿಯ ನೆರಳಿಗೆ ಬೂದು, ಮಂಜೊಟ್ಟಿಗೆ ಕೆಂಪು, ಹುಣಸೆಬೀಜಕ್ಕೆ ಕಪ್ಪು.

ನಾಲ್ಕೇ ಆಯಿತು.